ಸಿಲಿಯಾದ ಪೊರೆ, ಅದರ ಕೊಬ್ಬು, ಅಗಸಿ ಎಣ್ಣಿ: ರವಿವಾರ ಡಾಕ್ಟರಿಗೆ ಕೇಳಿದ್ದು

ಅಡ್ಮಿನ್: ಹುಬ್ಬಳ್ಳಿಯ ಮಕ್ಕಳ ಡಾಕ್ಟರು ಇವತ್ತ ಒಂದು ತಾಸು ಗುಂಪಿನ್ಯಾಗ ಇರ್ತಾರ. ವಾರದಿಂದ ಒಂದು ಫಾರ್ವರ್ಡ್ ತಿರಗಾಡಾಕತ್ತದ: "ಜೀವಕೋಶದ ಮ್ಯಾಲಿನ ಸಣ್ಣ ಕೂದಲಿಗೆ ಸಿಲಿಯಾ ಅಂತಾರ, ಅದರ ಪೊರೆ ಕೊಬ್ಬಿಂದು, ಖಾಲಿ ಹೊಟ್ಟೀಲೆ ಎರಡು ಚಮಚ ಅಗಸಿ ಎಣ್ಣಿ ಕುಡದ್ರ ಉದುರಿದ ಸಿಲಿಯಾ ಮತ್ತ ಬೆಳೀತಾವ." ಅದರ ಬಗ್ಗೆ ಕೇಳ್ರಿ. ದಯವಿಟ್ಟು ಗುಡ್ ಮಾರ್ನಿಂಗ್ ಫೋಟೋ ಬ್ಯಾಡ.

ನವನಗರ: ಡಾಕ್ಟ್ರ, ಎಣ್ಣಿ ಖರೇನ ಕೆಲಸ ಮಾಡ್ತದೇನ್ರಿ?

ಡಾಕ್ಟರ್: ಇಲ್ರಿ. ಅಗಸಿ ಚಟ್ನಿ ರೊಟ್ಟಿ ಜೋಡಿ ಛಲೋ, ತಿನ್ರಿ. ಸಿಲಿಯಾದ ರೋಗಕ್ಕ ಅದು ಔಷಧ ಅಲ್ಲ.

ಅಣ್ಣಿಗೇರಿ ಮಾಸ್ತರು: ಪ್ಯಾರಮೀಸಿಯಮ್ ಅನ್ನೋ ಒಂದ ಕೋಶದ ಜೀವಿಗೆ ಲೋಮಾಂಗ, ಅಂದ್ರ ಇದ ಸಿಲಿಯಾ, ಅದಾವ ಅಂತ ಕಲಿಸೇನ್ರಿ. ಮನುಷ್ಯಾರಿಗೂ ಅದಾವು ಅಂದ್ರ, ಅದರ ಪೊರೆಯ ಕೊಬ್ಬು ಕೋಶದ ಪೊರೆಗಿಂತ ಬ್ಯಾರೆ ಹೆಂಗಾತ್ರಿ? ಪೊರೆ ಒಂದ ಅಲ್ಲೇನು?

ಡಾಕ್ಟರ್: ಛಲೋ ಕೇಳಿದ್ರಿ ಮಾಸ್ತರ. ಶ್ವಾಸನಾಳದ ಒಂದೊಂದು ಕೋಶದ ಮ್ಯಾಲೆ ಸುಮಾರು 200 ಸಿಲಿಯಾ, ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಬಡದು ಕಫ ಮ್ಯಾಲೆ ದಬ್ಬತಾವ. ಅವು ಒಂದು ಜಾತಿ. ಮಿದುಳು, ಕಿಡ್ನಿ ಕೋಶದ ಮ್ಯಾಲೆ ಅಲ್ಲಾಡದ ಒಂದ ಒಂದು ಇರ್ತದ, ಹೊರಗಿನ ಸುದ್ದಿ ಹಿಡಿಯೋ ಆಂಟೆನಾ ಅದು.
ಪೊರೆ ಒಂದ, ಖರೆ. ಪಡಸಾಲಿ ನೆಲಾ, ದೇವರಮನಿ ನೆಲಾ ಕೂಡೇ ಇರ್ತಾವಲ್ರಿ, ಆದ್ರ ಹೊಸ್ತಿಲದ ಹೊರಗ ಚಪ್ಪಲಿ ಬಿಡ್ತೀವಿ. ಸಿಲಿಯಮ್ ಅಂದ್ರ ಒಂದ ಒಂದು ಸಿಲಿಯಾ, ಅದರ ಬುಡದಾಗೂ ಹಂಥಾ ಹೊಸ್ತಿಲು ಅದ. ಕೋಶದ ಪೊರೆಯೊಳಗ ಪಿಐ-4,5-ಪಿ2 ಅನ್ನೋ ಲಿಪಿಡ್, ಅಂದ್ರ ಒಂದು ಜಾತಿ ಕೊಬ್ಬು, ಇರ್ತದ. ಅದು ಸಿಲಿಯಮ್ಮಿನ ಒಳಗ ಬಂದ್ರ ಅಲ್ಲಿರೋ ಐಎನ್‌ಪಿಪಿ5ಇ ಕಿಣ್ವ ಒಂದು ಫಾಸ್ಫೇಟ್ ಕಿತ್ತು ಅದನ್ನ ಪಿಐ-4-ಪಿ ಮಾಡ್ತದ. ಇದು ಬೆಳಕಿಗೆ ಬಂದದ್ದು 2015ರಾಗ. ಕಿಣ್ವ ಕೆಟ್ರ ಹೊರಗಿನ ಲಿಪಿಡ್ ಒಳಗ ತುಂಬತದ, ಅದರ ಬೆನ್ನ ಹತ್ತಿ ಜಿಪಿಆರ್161 ಅನ್ನೋ ಪ್ರೋಟೀನ್ ಬಂದು ಸೇರ್ತದ, ಹೆಡ್ಜ್‌ಹಾಗ್ ಅನ್ನೋ ಸಂದೇಶ ತಗ್ಗತದ. ಗರ್ಭದಾಗ ಮಿದುಳು, ಬೆರಳು ರೂಪಾಗಾಕ ಆ ಸಂದೇಶ ಬೇಕು. ಕುಡದ ಎಣ್ಣಿ ಅಲ್ಲಿಗೆ ಹೋಗಿ ಕಿಣ್ವದ ಕೆಲಸ ಮಾಡಂಗಿಲ್ಲ.

ಗದಗ: ವರ್ಷಾನಗಟ್ಲೆ ನೆಗಡಿ ಅದರಿ. ನನ್ನ ಸಿಲಿಯಾ ಉದುರ್ಯಾವೇನ್ರಿ? ಅಗಸಿ ಎಣ್ಣಿ ತಗೊಳ್ಲೇನು?

ಡಾಕ್ಟರ್: ಬೀಡಿ ಸೇದ್ತೀರೇನು?

ಗದಗ: ದಿನಕ್ಕ ಒಂದು ಕಟ್ಟು.

ಡಾಕ್ಟರ್: ಮೊದಲ ಅದನ್ನ ಬಿಡ್ರಿ. ಎಣ್ಣಿ ಬಗ್ಗೆ ಮ್ಯಾಲೆ ಹೇಳೇನಿ.

ನರಗುಂದ: ನಮ್ಮ ಅಪ್ಪಗ ಎರಡೂ ಕಿಡ್ನ್ಯಾಗ ಗುಳ್ಳಿ ಅದಾವ್ರಿ. ಅದೂ ಸಿಲಿಯಾದ ರೋಗ ಅಂತಾರ, ನಾವು ಮಕ್ಕಳೂ ತೋರಿಸ್ಕೋಬೇಕೇನ್ರಿ?

ಕುಂದಗೋಳ: ಡಾಕ್ಟ್ರ, ನನ್ನ ಕೂಸಿಗೆ ಹತ್ತು ತಿಂಗಳು, ಇನ್ನೂ ಕುತ್ತಿಗಿ ನಿಂತಿಲ್ಲ. ಕಣ್ಣು ಆಕಡೆ ಈಕಡೆ ಓಡ್ತಾವ. ಹುಟ್ಟಿದಾಗ ಓಡಿ ಬಂದ ನಾಯಿ ತೇಕಿದಂಗ ತೇಕ್ತಿತ್ತು, ಆಮ್ಯಾಲೆ ಉಸಿರ ನಿಂತು ಮತ್ತ ಶುರು ಆಗ್ತಿತ್ತು. ತೋರಿಸಿದಲ್ಲೆ ದೊಡ್ಡದಾಕ್ಕೋತ ಸರಿ ಆಗ್ತದ ಅಂದ್ರು. ಮನಿಯವರು ನನ್ನ ಸೋದರಮಾವ ಆಗಬೇಕು. ಈಗ ನನಗ ಮತ್ತ ಎರಡು ತಿಂಗಳು. ಕೂಸಿಗೆ ಒಂದು ಚಮಚ ಅಗಸಿ ಎಣ್ಣಿ ಹಾಕಲೇನ್ರಿ?

ಡಾಕ್ಟರ್: ತಂಗಿ, ಹಾಕಬ್ಯಾಡವಾ. ಒಂದು ಹನಿನೂ ಬ್ಯಾಡ. ಕುತ್ತಿಗಿ ನಿಲ್ಲದ ಕೂಸಿಗೆ ಎಣ್ಣಿ ನೆತ್ತಿಗೇರಿದ್ರ ಪುಪ್ಪುಸಕ್ಕ ಇಳದು ನ್ಯುಮೋನಿಯಾ ಆಗ್ತದ. ಈ ಫಾರ್ವರ್ಡ್ ಕಳಿಸಿದವರು ಇದನ್ನ ಎರಡು ಸಲ ಓದ್ರಿ.
ಕೂಸನ್ನ ನೋಡದ ನಾ ರೋಗದ ಹೆಸರು ಹಚ್ಚಂಗಿಲ್ಲ. ಆದ್ರ ತೇಕೋದು, ಕಣ್ಣು ಓಡೋದು, ಮೈ ಮೆತ್ತಗ ಇರೋದು, ಮೂರೂ ಕೂಡಿದ್ರ ಜುಬೇರ್ ಸಿಂಡ್ರೋಮ್ ಅನ್ನೋ ಸಿಲಿಯಾದ ರೋಗ ನೆನಪಿಗೆ ಬರಲೇಬೇಕು. 1969ರಾಗ ಮೊದಲ ವರ್ಣಿಸಿದ್ದು. ಎಂಆರ್‌ಐದಾಗ ಮಿದುಳಿನ ಬುಡ ದವಡಿ ಹಲ್ಲಿನಂಗ ಕಾಣ್ತದ. ನಾ ಮೊದಲನೇ ಸಲ ಫಿಲ್ಮ್ ಕಿಟಕಿಗೆ ಹಿಡದಾಗ ಹಲ್ಲಿನ ಎರಡು ಬೇರು ಬೆರಳಿಟ್ಟು ತೋರಿಸೋ ಹಂಗ ಇದ್ದುವು. ಮಾಸ್ತರಿಗೆ ಹೇಳಿದ ಕಿಣ್ವದ ಜೀನು ಕೆಟ್ರೂ ಇದು ಬರ್ತದ ಅಂತ 2009ರಾಗ ಗೊತ್ತಾತು. ಹಂಥಾ ಜೀನು 30ಕ್ಕೂ ಹೆಚ್ಚು ಅದಾವ.
ಎಂಆರ್‌ಐಗೆ ಕೂಸಿಗೆ ನಿದ್ದಿ ಔಷಧ ಕೊಡ್ತಾರ. ಉಸಿರ ನಿಲ್ತಿತ್ತು ಅನ್ನೋದನ್ನ ಅವರಿಗೆ ಮೊದಲ ಹೇಳು, ಈ ರೋಗ ಇದ್ದ ಮಕ್ಕಳಿಗೆ ಆ ಔಷಧದಿಂದ ಉಸಿರು ಕಟ್ಟಬಹುದು. ಕಣ್ಣು, ಮೂತ್ರ, ಕಿಡ್ನಿ, ಲಿವರ್ ಪರೀಕ್ಷಾನೂ ಬೇಕು.
ಇನ್ನ ಹೊಟ್ಟ್ಯಾಗಿನ ಕೂಸು. ಸೋದರಮಾವ, ಸೊಸಿ ಅಂದ್ರ ಜೀನಿನ ಕಾಲುಭಾಗ ಒಂದ ಆಗಿರ್ತದ. ಇಬ್ಬರಲ್ಲೂ ಒಂದ ದೋಷ ಇದ್ರ ಪ್ರತಿ ಬಸರಿಗೂ ನಾಲ್ಕರಾಗ ಒಂದು ಪಾಲು ಸಂಭವ. ತಪ್ಪು ನಿಂದಲ್ಲ, ಅವರದೂ ಅಲ್ಲ. ಮೊದಲ ಕೂಸಿನ ದೋಷ ಯಾವ ಜೀನಿನ್ಯಾಗ ಅಂತ ತಿಳದ್ರ ಮಾತ್ರ 11ನೇ ವಾರದ ಮ್ಯಾಲೆ ಗರ್ಭದ ಪರೀಕ್ಷಾ ಮಾಡಾಕ ಬರ್ತದ. ಜೀನಿನ ವರದಿಗೆ ವಾರಗಟ್ಲೆ ಹಿಡೀತದ. ಅದಕ್ಕ ನಾಳೆ ಅಂದ್ರ ನಾಳೇನ ಬಾ.

ಹಾವೇರಿ: ನಮ್ಮ ಮನ್ಯಾಗ ಮೂರು ತಲಿಮಾರು ಸೋದರಮಾವನ್ನ ಮಾಡ್ಕೊಂಡಾರ, ಎಲ್ಲಾರೂ ಗಟ್ಟಿ ಅದಾರ. ಸಂಬಂಧಕ್ಕ ಯಾಕ ಹೆಸರಿಡ್ತೀರಿ?

ಅಣ್ಣಿಗೇರಿ ಮಾಸ್ತರು: ಹೆಸರಿಟ್ಟಿಲ್ರಿ, ಲೆಕ್ಕ ಹೇಳ್ಯಾರ.

ಕೇಶ್ವಾಪುರ: ಡಾಕ್ಟ್ರ, ಸ್ಮಿತ್-ಲೆಮ್ಲಿ-ಒಪಿಟ್ಜ್ ಅನ್ನೋ ರೋಗಕ್ಕ ತತ್ತಿ ಹಳದಿ ಕೊಡ್ತಾರ ಅಂತ ಓದೇನಿ. ಸಿಲಿಯಾಕ್ಕ ಕೊಲೆಸ್ಟ್ರಾಲ್ ಬೇಕಂತ. ಅಂದ್ರ ತಿಂದ ಕೊಬ್ಬು ಮುಟ್ತದ ಅಂತಾತಲ್ಲ?

ಡಾಕ್ಟರ್: ಓದಿದ್ದು ಖರೆ, ತೀರ್ಮಾನ ತಪ್ಪು. ಸಿಲಿಯಮ್ಮಿನ ಸ್ಮೂದನ್ಡ್ ಅನ್ನೋ ಪ್ರೋಟೀನ್ ಎಚ್ಚರಾಗಾಕ ಕೊಲೆಸ್ಟ್ರಾಲ್ ಬೇಕು. ಆ ಮಕ್ಕಳಿಗೆ ಕೊಲೆಸ್ಟ್ರಾಲ್ ತಯಾರಾಗೋ ಕಡೀ ಹಂತ ಕೆಟ್ಟಿರ್ತದ. ಕಾಲಿನ ಎರಡನೇ, ಮೂರನೇ ಬೆರಳು ಕೂಡಿರ್ತಾವ. ಹೊರಗಿಂದ ಕೊಟ್ರ ಕೆಲವು ಮಕ್ಕಳ ಬೆಳವಣಿಗಿಗೆ ಅನುಕೂಲ ಆಗ್ತದ. ರಕ್ತದಾಗಿನ ಕೊಲೆಸ್ಟ್ರಾಲ್ ಮಿದುಳಿಗೆ ದಾಟಂಗಿಲ್ಲ, ಗರ್ಭದಾಗ ಆದ ಹಾನಿ ಸರಿ ಆಗಂಗಿಲ್ಲ. ರಕ್ತ ತಪಾಸಿ ರೋಗ ಖಾತ್ರಿ ಆದ ಮಕ್ಕಳ ಮಾತಿದು.

ಬ್ಯಾಡಗಿ: ಗುಂಪಿನ್ಯಾಗ ತತ್ತಿ ಪ್ರಚಾರ ಬ್ಯಾಡ್ರಿ. ನಮ್ಮ ಮನ್ಯಾಗ ನಡಿಯಂಗಿಲ್ಲ.

ಕೇಶ್ವಾಪುರ: ಶಾಲಿ ಊಟಕ್ಕ ತತ್ತಿ ಬಂದಾಗೂ ನಿಮ್ಮದು ಇದ ರಾಗ. ತಿನ್ನೋ ಮಕ್ಕಳ ಬಾಯಿಗೆ ಯಾಕ ಅಡ್ಡ ಬರ್ತೀರಿ?

ಬ್ಯಾಡಗಿ: ನಾಲಿಗಿ ಬಿಗಿ ಹಿಡದು ಮಾತಾಡ್ರಿ.

ನರಗುಂದ: ನನ್ನ ಪ್ರಶ್ನೆ ಮ್ಯಾಲೆ ಹೋತ್ರಿ ಡಾಕ್ಟ್ರ. ಎರಡೂ ಕಿಡ್ನ್ಯಾಗ ಗುಳ್ಳಿ.

ಹೆಬ್ಬಳ್ಳಿ: ಅಗಸಿ ಬ್ಯಾಡಂದ್ರ ಗಾಣದ ಕೊಬ್ಬರಿ ಎಣ್ಣಿ ನಡೀತದೇನ್ರಿ?

ಡಾಕ್ಟರ್: ಯಾವ ಎಣ್ಣಿನೂ ನಡಿಯಂಗಿಲ್ಲ. ಇನ್ನೊಮ್ಮೆ ಕೇಳಬ್ಯಾಡ್ರಿ. ತತ್ತಿ ಜಗಳ ಬ್ಯಾರೆ ಕಡೆ ಮಾಡ್ಕೋರಿ, ಆ ತಾಯಿ ಮೆಸೇಜ್ ನಿಮ್ಮ ಗದ್ದಲದಾಗ ಮುಚ್ಚಿ ಹೋಗಾಕತ್ತದ. ಕುಂದಗೋಳದ ತಂಗಿ, ಅದೀಯೇನವಾ? ಈಗೂ ಉಸಿರ ನಿಂತು ತುಟಿ ನೀಲಿ ಆಗ್ತಾವೇನು?

ಕುಂದಗೋಳ: ಈಗ ನೀಲಿ ಆಗಂಗಿಲ್ರಿ. ತೇಕೋದು ಮಾತ್ರ ಒಮ್ಮೊಮ್ಮೆ. ನಾಳೆ ಎಷ್ಟಕ್ಕ ಬರಲಿ?

ಡಾಕ್ಟರ್: ಒಂಬತ್ತಕ್ಕ ಬಾ. ಮನಿಯವರನ್ನೂ ಕರಕೊಂಡು ಬಾ, ಮೂವರ ರಕ್ತ ಬೇಕು. ಹಳೇ ಕಾಗದ ಎಲ್ಲಾ ತಾ. ರಾತ್ರಿ ಕೂಸು ತೇಕಿದ್ರ ಅಂಗಿ ಬಿಚ್ಚಿ ಎದಿ ಕಾಣೋ ಹಂಗ ಮೊಬೈಲಿನ್ಯಾಗ ವಿಡಿಯೋ ಮಾಡ್ಕೋ. ತುಟಿ ನೀಲಿ ಆದ್ರ ಬೆಳಗಾಗೋದನ್ನ ಕಾಯಬ್ಯಾಡ, ಆಗಿಂದಾಗ ಕಿಮ್ಸ್ ದವಾಖಾನಿಗೆ ಹೊರಡು.