ಇಮ್ಯುನಿಟಿ ಹೆಚ್ಚಿದಷ್ಟೂ ಒಳ್ಳೇದಾ? ವಾತರೋಗ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಿದ್ದಾಪುರ): ನಮಸ್ಕಾರ ಮೇಡಂ. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಮೆಥೊಟ್ರೆಕ್ಸೇಟ್ ಶುರು ಮಾಡಿದ ಮೇಲೆ ಬೆರಳಿನ ಬಾವು ಇಳಿದಿದೆ. ಆದರೆ ಆ ಮಾತ್ರೆ ರೋಗನಿರೋಧಕ ಶಕ್ತಿ ಕುಗ್ಗಿಸುತ್ತೆ ಅಂತ ಕೇಳಿ ಮನೆಯಲ್ಲಿ ಎಲ್ಲರಿಗೂ ಭಯ, ಮಳೆಗಾಲ ಬೇರೆ. ದೊಡ್ಡಮ್ಮ ದಿನಾ ಅಮೃತಬಳ್ಳಿ ಕಷಾಯ ಮಾಡಿ ಕೊಡ್ತಿದ್ದಾರೆ. ಮುಂದುವರಿಸಬಹುದಾ?

ಉತ್ತರ: ಕಷಾಯ ಇವತ್ತೇ ನಿಲ್ಲಿಸಿ. ದೊಡ್ಡಮ್ಮನಿಗೆ ಬೇಜಾರಾಗದ ಹಾಗೆ ಹೇಳೋ ಕೆಲಸ ನಿಮ್ಮದು.

ನಿಮ್ಮ ಅಮ್ಮನಿಗೆ ಇರುವ ತೊಂದರೆ ಶಕ್ತಿ ಕಮ್ಮಿಯಾಗಿ ಬಂದದ್ದಲ್ಲ. ಅವರ ರಕ್ಷಣಾ ಕೋಶಗಳು ತಮ್ಮದೇ ಕೀಲುಗಳ ಮೇಲೆ ಬಿದ್ದಿವೆ. ಆನೆ ಬರಬಾರದು ಅಂತ ತೋಟಕ್ಕೆ ಹಾಕಿದ ಬೇಲಿ ಮನೆ ಹಸುವಿಗೇ ಶಾಕ್ ಹೊಡೆಯುತ್ತಿರುವಾಗ ಕರೆಂಟ್ ಹೆಚ್ಚಿಸ್ತೀರಾ? ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆ ಲಿವರ್ ತೊಂದರೆಗೆ ಆಟೋಇಮ್ಯೂನ್, ಅಂದರೆ ರಕ್ಷಣಾ ಕೋಶಗಳು ತಮ್ಮ ಮೈ ಮೇಲೇ ಬೀಳುವ, ಲಕ್ಷಣಗಳಿದ್ದವು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆ ಜಗಳ ಇರಲಿ. ಮೆಥೊಟ್ರೆಕ್ಸೇಟ್ ಕೂಡ ಲಿವರ್ ಮೇಲೆ ಭಾರ ಹಾಕುವ ಮಾತ್ರೆ. ಎರಡನ್ನೂ ಒಟ್ಟಿಗೆ ಕೊಡಲು ನಾನಂತೂ ಒಪ್ಪಲ್ಲ.

ಇನ್ನೊಂದು: ಆ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಫ್ಲೂ ಲಸಿಕೆ ಹಾಕಿಸಿ, ಜ್ವರ ಬಂದರೆ ಕಾಯಬೇಡಿ. ಇಲಿ ಜ್ವರದ ಕಾಲ ಇದು.

ಪ್ರಶ್ನೆ (ಮಡಿಕೇರಿ): ಮೇಡಂ, 2025ರ ನೊಬೆಲ್ ಇದಕ್ಕೇ ಸಂಬಂಧಪಟ್ಟದ್ದು ಅಂತ ಪೇಪರ್‌ನಲ್ಲಿ ಓದಿದೆ. ಸರಿಯಾ?

ಉತ್ತರ: ಸರಿ. 2025ರ ವೈದ್ಯಕೀಯ ನೊಬೆಲ್ ಪಡೆದವರು ಜಪಾನಿನ ಶಿಮೊನ್ ಸಕಗುಚಿ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್. ಟಿ ಕೋಶ ಅಂದರೆ ಒಂದು ಬಗೆಯ ರಕ್ಷಣಾ ಕೋಶ. ತಮ್ಮ ಮೈ ಮೇಲೇ ಬೀಳುವ ತಪ್ಪು ಮಾಡುವ ಟಿ ಕೋಶಗಳೆಲ್ಲ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲೇ ಸೋಸಿ ಹೋಗುತ್ತವೆ, ಅಲ್ಲಿಗೆ ಕತೆ ಮುಗೀತು ಅಂತ ಬಹಳ ಜನ ನಂಬಿದ್ದ ಕಾಲವೊಂದಿತ್ತು. ಸೋಸುವಿಕೆ ತಪ್ಪಿಸಿಕೊಂಡವನ್ನು ಹೊರಗೆ ತಡೆದು ನಿಲ್ಲಿಸುವ ಟಿ ಕೋಶಗಳೇ ಬೇರೆ ಇವೆ ಅಂತ ಸಕಗುಚಿ 1995ರಲ್ಲಿ ತೋರಿಸಿದರು. ಮೈಯೆಲ್ಲ ಹುರುಕಾಗಿ ಬೇಗ ಸಾಯುವ ಒಂದು ಜಾತಿಯ ಇಲಿಮರಿಗಳಲ್ಲಿ ಕೆಟ್ಟಿದ್ದ ಜೀನ್ ಯಾವುದು ಅಂತ ಉಳಿದಿಬ್ಬರು 2001ರಲ್ಲಿ ಹಿಡಿದರು. ಅದರ ಹೆಸರು ಫಾಕ್ಸ್‌ಪಿ3. ಅದೇ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನುವ ಭಯಂಕರ ಆಟೋಇಮ್ಯೂನ್ ಕಾಯಿಲೆ ಬರುತ್ತೆ. ಸಕಗುಚಿಯ ಕೋಶಗಳನ್ನು ನಡೆಸುವುದೂ ಅದೇ ಜೀನ್ ಅಂತ 2003ರಲ್ಲಿ ಗೊತ್ತಾಯಿತು. ಈ ತಡೆಯುವ ಕೋಶಗಳಿಗೆ ನಾವು ಟಿ-ರೆಗ್ ಅಂತೀವಿ.

ಪ್ರಶ್ನೆ (ಮಡಿಕೇರಿ): ಹಾಗಾದ್ರೆ ಟಿ-ರೆಗ್ ಜಾಸ್ತಿ ಇದ್ರೆ ಒಳ್ಳೇದು ಅಂತಾಯ್ತಲ್ಲ?

ಉತ್ತರ: ಅದೂ ಇಲ್ಲ! ಎಷ್ಟೋ ಕ್ಯಾನ್ಸರ್ ಗಡ್ಡೆಗಳು ಇವನ್ನೇ ಸುತ್ತ ಸೇರಿಸಿಕೊಂಡು ಬಚಾವಾಗುತ್ತವೆ. ಅಲ್ಲಿ ಟಿ-ರೆಗ್ ಕಮ್ಮಿ ಮಾಡುವ ಪ್ರಯತ್ನ, ಆಟೋಇಮ್ಯೂನ್‌ನಲ್ಲಿ ಹೆಚ್ಚು ಮಾಡುವ ಪ್ರಯತ್ನ.

ಪ್ರಶ್ನೆ (ಪೊನ್ನಂಪೇಟೆ): ಕಕ್ಕಡ ತಿಂಗಳ ಹದಿನೆಂಟನೇ ದಿನ ನಮ್ಮ ಕೊಡಗಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸಕ್ಕೂ ಬ್ರೇಕಾ ಡಾಕ್ಟ್ರೇ? 😀

ಉತ್ತರ: ವರ್ಷಕ್ಕೊಂದು ದಿನದ ಪಾಯಸ ತಡೆಯೋ ಧೈರ್ಯ ನನಗಿಲ್ಲ, ನಾನೂ ತಿಂತೀನಿ. ತಿಂದ ಮೇಲೆ ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ, ಗಾಬರಿ ಬೇಡ. ಅದೇ ಸೊಪ್ಪಿನ ಪುಡಿಯನ್ನು ಇಮ್ಯುನಿಟಿ ಬೂಸ್ಟರ್ ಅಂತ ವರ್ಷವಿಡೀ ನುಂಗುವುದು ಬೇರೆ ಮಾತು.

ಪ್ರಶ್ನೆ (ಸುಂಟಿಕೊಪ್ಪ): ನಮ್ಮ ತೋಟದ ಲೈನ್‌ಮನೆಯಲ್ಲಿರುವ ಕೆಲಸಗಾರರೊಬ್ಬರ ರಕ್ತದ ರಿಪೋರ್ಟ್‌ನಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಶೇ. 11, ಒಟ್ಟು ಬಿಳಿ ರಕ್ತಕಣ 8,200. ಕೆಮ್ಮಿಗೆ ಸ್ಟಿರಾಯ್ಡ್ ಮಾತ್ರೆ ಕೊಡ್ತಾರಂತೆ.

ಉತ್ತರ: ಗುಣಿಸಿದರೆ ಇಯೊಸಿನೊಫಿಲ್ ಸುಮಾರು 900. 500ರ ಒಳಗಿರಬೇಕಿತ್ತು. ಅಸ್ತಮಾ, ಅಲರ್ಜಿ ಇರಬಹುದು. ಆದರೆ ಒದ್ದೆ ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಹುಳುವಿನ ಸಂಶಯ ಮೊದಲು. ಸ್ಟ್ರಾಂಗಿಲಾಯ್ಡಿಸ್ ಅನ್ನುವ ಹುಳು ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತೆ, ವರ್ಷಗಟ್ಟಲೆ ಸುಮ್ಮನಿರುತ್ತೆ. ಸ್ಟಿರಾಯ್ಡ್ ಬಿದ್ದು ರಕ್ಷಣೆ ಸಡಿಲವಾದರೆ ಮೈಯೆಲ್ಲ ಹರಡಿ ಜೀವ ತೆಗೆಯಬಹುದು. ಮಾತ್ರೆಗೆ ಮುಂಚೆ ಮಲ ಪರೀಕ್ಷೆ ಮಾಡಿಸಿ, ಬರಿಗಾಲಿನ ಕೆಲಸದ ವಿಷಯ ಡಾಕ್ಟರಿಗೆ ಹೇಳಿ.

ಅಂದಹಾಗೆ, ರಕ್ತದ ರಿಪೋರ್ಟ್‌ನಲ್ಲಿ ಕಾಣುವುದು ತೀರಾ ಸ್ವಲ್ಪ. 2023ರ ಒಂದು ಲೆಕ್ಕದ ಪ್ರಕಾರ ಗಂಡಸಿನ ಮೈಯಲ್ಲಿ ಸುಮಾರು 1.8 ಲಕ್ಷ ಕೋಟಿ ರಕ್ಷಣಾ ಕೋಶಗಳು, ತೂಕ 1.2 ಕೆ.ಜಿ. ಬಹುಪಾಲು ಎಲುಬಿನ ಮಜ್ಜೆಯಲ್ಲಿ, ದುಗ್ಧ ಗ್ರಂಥಿಗಳಲ್ಲಿ, ಗುಲ್ಮದಲ್ಲಿ.

ಪ್ರಶ್ನೆ (ವಿರಾಜಪೇಟೆ): ಅಕ್ಕನ ಮಗಳಿಗೆ ಲೂಪಸ್, ಅದೂ ಆಟೋಇಮ್ಯೂನ್ ಕಾಯಿಲೆಯಂತೆ. ಕಾರ್-ಟಿ ಮಾಡಿದರೆ ಪೂರ್ತಿ ವಾಸಿ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ?

ಉತ್ತರ: ಬುಡ ಸುಳ್ಳಲ್ಲ. ರೋಗಿಯದೇ ಟಿ ಕೋಶ ತೆಗೆದು, ಲೂಪಸ್‌ನಲ್ಲಿ ದಾರಿ ತಪ್ಪುವ ಬಿ ಕೋಶ ಅನ್ನುವ ಇನ್ನೊಂದು ಬಗೆಯ ರಕ್ಷಣಾ ಕೋಶಗಳನ್ನು ಗುರುತಿಸಿ ಕೊಲ್ಲುವ ಹಾಗೆ ಬದಲಿಸಿ, ವಾಪಸ್ ಹಾಕುವ ಚಿಕಿತ್ಸೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ 2021ರಲ್ಲಿ ಲೂಪಸ್‌ನ ಒಬ್ಬ ಹುಡುಗಿಗೆ ಮೊದಲು ಮಾಡಿದರು. 2024ರ ಅವರ ವರದಿಯಲ್ಲಿ ಲೂಪಸ್‌ನ ಎಂಟು ಜನ, ಎಂಟೂ ಜನರ ಕಾಯಿಲೆ ಹತೋಟಿಗೆ ಬಂದು ಉಳಿದ ಮಾತ್ರೆ ನಿಂತಿತ್ತು. ನನಗೆ ಹಿಡಿಸಿದ್ದು ಇದು: ಮೂರು ನಾಲ್ಕು ತಿಂಗಳಲ್ಲಿ ಬಿ ಕೋಶ ಮತ್ತೆ ಹುಟ್ಟಿದವು, ಕಾಯಿಲೆ ಮಾತ್ರ ಜೊತೆಗೆ ಬರಲಿಲ್ಲ.

ಆದರೆ ಎಂಟೇ ಜನ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರ ಕೆಲಸದಿಂದ ಬಂದ ನೆಕ್ಸ್‌ಕಾರ್19 ಅನ್ನುವ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿದ್ದು ರಕ್ತದ ಕ್ಯಾನ್ಸರ್‌ಗೆ. ಖರ್ಚು ಹತ್ತಾರು ಲಕ್ಷ. ತೋಟ ಮಾರುವ ಮಾತು ಮನೆಯಲ್ಲಿ ಎದ್ದಿದ್ದರೆ ಅಲ್ಲಿಗೇ ಬಿಡಿ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತಪ್ಪಿಸಬೇಡಿ, ಕಣ್ಣಿನ ಪರೀಕ್ಷೆ, ಮೂತ್ರದ ಪ್ರೋಟೀನ್ ಪರೀಕ್ಷೆ ಹೇಳಿದ ಹೊತ್ತಿಗೆ ಮಾಡಿಸಿ. ಮಗುವಿನ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಲಿ, ಕೆಲವು ಮಾತ್ರೆ ಬದಲಾಯಿಸಬೇಕಾಗುತ್ತೆ.