ಸಹಾಯ ಬೇಕು: ಆರೋಗ್ಯ ಆ್ಯಪ್‌ನಲ್ಲಿ ಮೊಬೈಲ್ ಸಂಖ್ಯೆ ಯಾವಾಗ ಕೇಳಬೇಕು?

ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆಯ ಹಿರಿಯರಿಗಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಲೆಕ್ಕ ಇಡುವ ಕನ್ನಡ ಆ್ಯಪ್ ಮಾಡುತ್ತಿದ್ದೇವೆ. ಮೊದಲ ಪರದೆಯಲ್ಲೇ ಸಂಖ್ಯೆ, ಒಟಿಪಿ ಕೇಳಿದರೆ "ಬ್ಯಾಂಕಿನ ಹಣ ಹೋದೀತು" ಎಂದು ಫೋನ್ ಕೆಳಗಿಡುತ್ತಾರೆ. ಅವರ ಭಯ ಸುಳ್ಳೇನಲ್ಲ. ಒಪ್ಪಿಗೆಯ ಮಾತುಗಳನ್ನು ಕನ್ನಡದಲ್ಲೇ ಚಿಕ್ಕದಾಗಿ ಬರೆದೆವು (ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ). ಯಾರೂ ಓದದೆ "ಸರಿ" ಒತ್ತುತ್ತಾರೆ. ಸಂಖ್ಯೆಯನ್ನೇ ಕೇಳದೆ ನೋಡಿದೆವು. ಹೆಚ್ಚು ಜನ ಬಳಸಿದರು, ಆದರೆ ದಾಖಲೆ ಆ ಫೋನಿನಲ್ಲಷ್ಟೇ ಉಳಿಯುತ್ತದೆ; ಫೋನ್ ಕೆಟ್ಟರೆ ಎಲ್ಲವೂ ಹೋಯಿತು, ಗಲ್ಫಿನಲ್ಲಿರುವ ಮಕ್ಕಳಿಗೂ ಏನೂ ಕಾಣುವುದಿಲ್ಲ.

ಹಾಗಾದರೆ ಸಂಖ್ಯೆ ಕೇಳುವುದು ಯಾವಾಗ: ಮೊದಲ ದಾಖಲೆ ಬರೆದ ಕೂಡಲೇ, ಅಥವಾ ಮಕ್ಕಳಿಗೆ ತೋರಿಸಬೇಕೆಂದು ಅವರೇ ಬಯಸಿದಾಗ ಮಾತ್ರವೇ? ಇಂಥ ಕೆಲಸ ಮಾಡಿದವರು ದಯವಿಟ್ಟು ಕಾರಣಸಹಿತ ತಿಳಿಸಿ.