ಒಂದೇ ಅಮೈನೊ ಆಮ್ಲ ಬದಲಾದರೆ ಹಿಮೋಗ್ಲೋಬಿನ್ ಯಾಕೆ ಇಷ್ಟು ಕೆಡುತ್ತದೆ?

ನಿದ್ದೆಗೆಟ್ಟ ಅಪ್ಪ:
ಮಗಳು ಜೀವಶಾಸ್ತ್ರ ಓದುತ್ತಿದ್ದಾಳೆ. ನಿನ್ನೆ ರಾತ್ರಿ ಒಂದು ಪ್ರಶ್ನೆ ಕೇಳಿ ತಾನು ಮಲಗಿಬಿಟ್ಟಳು, ನಾನು ಎದ್ದು ಕೂತೆ. ಪ್ರೋಟೀನಿನ ಆಕಾರ ಹೇಗೋ ಅದರ ಕೆಲಸ ಹಾಗೆ ಅಂತ ಪುಸ್ತಕದಲ್ಲಿದೆ. ಉದಾಹರಣೆಗೆ ಸಿಕಲ್ ಸೆಲ್ ಕಾಯಿಲೆ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗುವ ಕಾಯಿಲೆ. ರಕ್ತದಲ್ಲಿ ಆಕ್ಸಿಜನ್ ಸಾಗಿಸುವ ಪ್ರೋಟೀನು ಹಿಮೋಗ್ಲೋಬಿನ್. ಅದರ ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳು, ಅಂದರೆ ಪ್ರೋಟೀನನ್ನು ಕಟ್ಟುವ ಬಿಡಿ ತುಣುಕುಗಳು. 6ನೆಯದು ಮಾತ್ರ ಬೇರೆ: ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್. ಅವಳ ತಕರಾರು ಏನೆಂದರೆ, ಆಕ್ಸಿಜನ್ ಕೂರುವುದು ಒಳಗೆ, ಕಬ್ಬಿಣ ಹೊತ್ತ ಪುಟ್ಟ ಭಾಗವಾದ ಹೀಮ್‌ನಲ್ಲಿ. ಈ 6ನೇ ಜಾಗ ಅಲ್ಲಿಂದ ದೂರ, ಹೊರಮೈ ಮೇಲಿದೆ. ಮತ್ತೆ ಕೆಲಸ ಕೆಡೋದು ಹೇಗೆ? ನನಗೂ ಹೌದಲ್ವಾ ಅನ್ನಿಸಿತು.

ಬೀಗದಕೈ:
ಸುಲಭ. ಕೀಲಿಯ ಹಲ್ಲು ಬಾಗಿದರೆ ಬೀಗ ತೆರೆಯೋದಿಲ್ಲ. ಆಕಾರ ಕೆಟ್ಟಿದೆ, ಆಕ್ಸಿಜನ್ ಹಿಡಿಯೋಕೆ ಆಗಲ್ಲ. ಅಷ್ಟೇ.

ಸ್ಲೈಡ್ ಅಕ್ಕ:
ಅಷ್ಟೇ ಅಲ್ಲ. ಬಿಡಿಬಿಡಿ ಅಣುವಾಗಿ ನೋಡಿದರೆ ಅದು ಆಕ್ಸಿಜನ್ನನ್ನು ಚೆನ್ನಾಗಿಯೇ ಹಿಡಿಯುತ್ತದೆ. ಮಗುವಿನ ತಕರಾರು ಸರಿಯಾಗಿದೆ.

ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿದ್ದೇನೆ. ಈ ಕಾಯಿಲೆಗೆ ಒಂದು ಹಳೇ ಪರೀಕ್ಷೆ ಇದೆ. ಒಂದು ಹನಿ ರಕ್ತಕ್ಕೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಬೆರೆಸಿ, ಕವರ್ ಸ್ಲಿಪ್ ಇಟ್ಟು, ಅಂಚಿಗೆ ವ್ಯಾಸಲೀನ್ ಬಳಿದು ಗಾಳಿಯಾಡದಂತೆ ಮುಚ್ಚಬೇಕು. ಆ ದ್ರಾವಣ ಆಕ್ಸಿಜನ್ನನ್ನು ಕಿತ್ತುಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ಮೂಲೆಗೆ ಬಳಿಯುವುದನ್ನೇ ಮರೆತೆ. ಕಾಯಿಲೆ ಇದೆ ಅಂತ ಮೊದಲೇ ಗೊತ್ತಿದ್ದ ರಕ್ತ ಅದು, ಹೋಲಿಸಿ ನೋಡೋಕೆ ಇಟ್ಟಿದ್ದು. ಆಮೇಲೆ ನೋಡಿದರೆ ಆ ಮೂಲೆಯಲ್ಲಿ ಕಣಗಳು ಹೆಚ್ಚುಕಡಿಮೆ ದುಂಡಗೇ ಇವೆ. ಸ್ಲೈಡನ್ನು ಮೆಲ್ಲಗೆ ನಡುವಿಗೆ ಸರಿಸಿದೆ. ಅಲ್ಲಿ ಎಲ್ಲಾ ಕುಡುಗೋಲು, ತುದಿ ಚೂಪಾಗಿ ಬಾಗಿದವು. ಅದೇ ಹನಿ, ಅದೇ ಪ್ರೋಟೀನು. ಬೈಸಿಕೊಂಡೆ, ಆದರೆ ವಿಷಯ ಅವತ್ತೇ ತಲೆಗೆ ಹೋಯಿತು.

ಹಿಮೋಗ್ಲೋಬಿನ್ನಿಗೆ ಎರಡು ಭಂಗಿ. ಆಕ್ಸಿಜನ್ ಬಿಟ್ಟುಕೊಟ್ಟಾಗ ಅದರ ನಾಲ್ಕು ಸರಪಳಿಗಳು, ಎರಡೆರಡರ ಜೋಡಿಯಾಗಿ, ಒಂದಕ್ಕೊಂದು ಸುಮಾರು 15 ಡಿಗ್ರಿ ತಿರುಗಿಕೊಳ್ಳುತ್ತವೆ. ಆಗ ಬೀಟಾ ಸರಪಳಿಯ ಮೈಮೇಲೆ ಒಂದು ಪುಟ್ಟ ಕುಳಿ ತೆರೆದುಕೊಳ್ಳುತ್ತದೆ. ನಮ್ಮೆಲ್ಲರಲ್ಲೂ ತೆರೆದುಕೊಳ್ಳುತ್ತದೆ, ಏನೂ ಆಗೋದಿಲ್ಲ. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶ ಇದೆ, ನೀರಿನ ಜೊತೆ ಹಾಯಾಗಿರುತ್ತದೆ. ವ್ಯಾಲಿನ್ ಎಣ್ಣೆ ಜಾತಿ. ನೀರಿನಿಂದ ತಪ್ಪಿಸಿಕೊಳ್ಳೋಕೆ ಪಕ್ಕದ ಅಣುವಿನ ಕುಳಿಗೆ ಹೋಗಿ ಕೂರುತ್ತದೆ. ಅದರ ಪಕ್ಕದ್ದು ಇನ್ನೊಂದರಲ್ಲಿ. ಹೀಗೇ ಸಾಲು ಬೆಳೆದು, 14 ಎಳೆಗಳ ಹುರಿಹಗ್ಗವಾಗಿ ಕಣವನ್ನು ಒಳಗಿನಿಂದ ತಿವಿಯುತ್ತದೆ. ಆಕ್ಸಿಜನ್ ಬಂದರೆ ಕುಳಿ ಮುಚ್ಚಿ ಹಗ್ಗ ಬಿಚ್ಚಿಕೊಳ್ಳುತ್ತದೆ. ಹೀಗೆ ಎಷ್ಟೋ ಸಲ ಆದಮೇಲೆ ಕಣದ ಪೊರೆಯೇ ಹಾಳಾಗಿ, ಬಾಗಿದ್ದು ಬಾಗಿದ ಹಾಗೇ ಉಳಿಯುತ್ತದೆ.

ಆ ವಿದ್ಯುದಂಶ ಹೋಗಿದ್ದರಿಂದಲೇ ಇದು ಮೊದಲು ಸಿಕ್ಕಿಬಿದ್ದದ್ದು. ಈ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ಥರ ಸರಿಯುತ್ತದೆ ಅಂತ 1949ರಲ್ಲಿ ಲೈನಸ್ ಪಾಲಿಂಗ್ ತಂಡ ತೋರಿಸಿತು. ಬದಲಾದದ್ದು ಯಾವ ಅಮೈನೊ ಆಮ್ಲ ಅಂತ 1957ರಲ್ಲಿ ಹೇಳಿದ್ದು ವರ್ನನ್ ಇಂಗ್ರಾಮ್.

ಬೀಗದಕೈ:
ಅಂದರೆ ಕೀಲಿ ಸರಿಯಾಗೇ ಇದೆ, ಅದರ ಬೆನ್ನಿಗೆ ಗೋಂದು ಅಂಟಿದೆ. ಒಪ್ಪಿದೆ ಅಕ್ಕ.

ಸ್ಲೈಡ್ ಅಕ್ಕ:
ಗೋಂದು ಅಂದರೆ ಎಲ್ಲದಕ್ಕೂ ಅಂಟಬೇಕು. ಇದು ಆ ಕುಳಿಗೆ ಮಾತ್ರ ಕೂರೋದು. ಅದೇ 6ನೇ ಜಾಗಕ್ಕೆ ಲೈಸಿನ್ ಬಂದವರೂ ಇದ್ದಾರೆ, ಅದಕ್ಕೆ ಹಿಮೋಗ್ಲೋಬಿನ್ ಸಿ ಅನ್ನುತ್ತಾರೆ. ಲೈಸಿನ್‌ಗೂ ವಿದ್ಯುದಂಶ ಇದೆ, ಕುಳಿಗೆ ಇಳಿಯೋದಿಲ್ಲ. ಅವರಲ್ಲಿ ಈ ಹಗ್ಗ ಆಗುವುದಿಲ್ಲ, ತೊಂದರೆಯೂ ಬಹಳ ಕಡಿಮೆ.

ಸುಮ್ನೆ ಓದುಗ:
ಒಂದು ಸಣ್ಣ ಸೇರ್ಪಡೆ. ಒಂದು ಗಟ್ಟಿ ಆಕಾರವೇ ಇಲ್ಲದೆ ಕೆಲಸ ಮಾಡುವ ಪ್ರೋಟೀನುಗಳೂ ಇವೆ. ಸಡಿಲ ದಾರದ ಥರ ಇದ್ದು, ಜೊತೆಗಾರ ಸಿಕ್ಕಾಗ ಮಡಚಿಕೊಳ್ಳುವಂಥವು. ಪುಸ್ತಕದ ಆ ಸಾಲನ್ನು ತೀರಾ ಬಿಗಿಯಾಗಿ ಹಿಡಿಯಬೇಡಿ ಅಂತ ಮಗಳಿಗೆ ಹೇಳಿ.

ನಿದ್ದೆಗೆಟ್ಟ ಅಪ್ಪ:
ಇಷ್ಟನ್ನೂ ಓದಿ ಹೇಳಿದೆ. ಕುಳಿಯ ಚಿತ್ರ ಬರೆದುಕೊಂಡಳು. ಆಮೇಲೆ ಮುಂದಿನ ಪ್ರಶ್ನೆ: ಹುಟ್ಟಿನಿಂದಲೇ ಬರುವ ಕಾಯಿಲೆ ಅಂದಮೇಲೆ ಮೊದಲ ಕೆಲವು ತಿಂಗಳು ಮಗು ಯಾಕೆ ಚೆನ್ನಾಗೇ ಇರುತ್ತದೆ?

ಸ್ಲೈಡ್ ಅಕ್ಕ:
ಹುಟ್ಟಿದಾಗ ಮಗುವಿನ ಹಿಮೋಗ್ಲೋಬಿನ್ನಿನಲ್ಲಿ ಜಾಸ್ತಿ ಇರುವುದು ಗಾಮಾ ಸರಪಳಿ, ಬೀಟಾ ಅಲ್ಲ. ಗಾಮಾ ಇರುವ ಅಣು ಆ ಹಗ್ಗಕ್ಕೆ ಸೇರಿಕೊಳ್ಳೋದಿಲ್ಲ. ತಿಂಗಳು ಕಳೆದಂತೆ ಬೀಟಾ ಹೆಚ್ಚಾಗಿ ತೊಂದರೆ ಶುರುವಾಗುತ್ತದೆ. ಈ ಕಾಯಿಲೆಗೆ ಹೈಡ್ರಾಕ್ಸಿಯೂರಿಯ ಅನ್ನುವ ಔಷಧಿ ಕೊಡುವುದೂ ಮುಖ್ಯವಾಗಿ ಗಾಮಾ ಇರುವ ಹಿಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸೋಕೇ. ಇವತ್ತಾದರೂ ಮಲಗಿ ಅಣ್ಣ.